ಬೆರಳಿನ ಅರಿವು: ಅಂಧಶಿಕ್ಷಣದ ಇತಿಹಾಸ ಕಲಿಸುವ ಪಾಠ

ಶಿಕ್ಷಣವೆಂದರೆ ಗುರುವು ತನ್ನಲ್ಲಿರುವ ವಿದ್ಯೆಯನ್ನು ಶಿಷ್ಯನಿಗೆ ಧಾರೆಯೆರೆಯುವುದು ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಮಾತು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಎರೆಯುವವನಲ್ಲಿ ಏನಿದೆ ಎಂಬುದು ಎಷ್ಟು ಮುಖ್ಯವೋ, ಪಡೆಯುವವನು ಎಂತಹ ಪಾತ್ರೆಯನ್ನು ಹಿಡಿದು ನಿಂತಿದ್ದಾನೆ ಎಂಬುದೂ ಅಷ್ಟೇ ಮುಖ್ಯ. ಪಾತ್ರೆಯನ್ನು ನೋಡದೆ ಎರೆದ ನೀರು ನೆಲದ ಪಾಲಾಗುತ್ತದೆ. ಆಮೇಲೆ ಗುರುವು ಪಾತ್ರೆಯನ್ನೇ ದೂಷಿಸುವುದುಂಟು. ಶಿಕ್ಷಣದ ಇತಿಹಾಸದಲ್ಲಿ ಇಂತಹ ದೂಷಣೆಗೆ ಅತ್ಯಂತ ಹೆಚ್ಚಾಗಿ ಗುರಿಯಾದವರು ದೃಷ್ಟಿಹೀನ ಮಕ್ಕಳು. ಅವರಿಗೆ ಕಲಿಯುವ ಶಕ್ತಿಯೇ ಇಲ್ಲವೆಂದು ಶತಮಾನಗಳ ಕಾಲ ಜಗತ್ತು ನಂಬಿತ್ತು. ಕೊರತೆಯಿದ್ದದ್ದು ಅವರ ಬುದ್ಧಿಯಲ್ಲಲ್ಲ, ಕಲಿಸುವವರ ಕ್ರಮದಲ್ಲಿ ಎಂಬುದು ಕಳೆದ ಎರಡೂವರೆ ಶತಮಾನಗಳಲ್ಲಿ ಮೆಲ್ಲಮೆಲ್ಲನೆ ಸಿದ್ಧವಾಯಿತು. ಆ ಸಿದ್ಧಿಯ ಕಥೆಯನ್ನು, ಅದರಲ್ಲಿ ಶಿಕ್ಷಕರೂ ಶಾಲೆಯ ಮುಖ್ಯಸ್ಥರೂ ಗೆದ್ದ ಮತ್ತು ಸೋತ ಬಗೆಯನ್ನು ಸಂಕ್ಷೇಪವಾಗಿ ವಿವೇಚಿಸುವುದು ಈ ಲೇಖನದ ಉದ್ದೇಶ.

ಸಂತೆಯಿಂದ ಶಾಲೆಗೆ

ಕಥೆ ಆರಂಭವಾಗುವುದು ಫ್ರಾನ್ಸ್ ದೇಶದ ರಾಜಧಾನಿ ಪ್ಯಾರಿಸ್ಸಿನ ಒಂದು ಜಾತ್ರೆಯಲ್ಲಿ. 1771ರಲ್ಲಿ ಸಂತ ಒವಿಡ್‌ನ ಹೆಸರಿನ ಜಾತ್ರೆಯಲ್ಲಿ ಕೆಲವು ಮಂದಿ ಅಂಧರನ್ನು ವಿದೂಷಕರಂತೆ ಅಲಂಕರಿಸಿ, ಕಣ್ಣಿಗೆ ರಟ್ಟಿನ ದೊಡ್ಡ ಕನ್ನಡಕಗಳನ್ನು ಕಟ್ಟಿ, ಮುಂದೆ ಸಂಗೀತದ ಹಾಳೆಗಳನ್ನು ಇರಿಸಿ, ಬಾರದ ವಾದ್ಯಗಳನ್ನು ಬಾರಿಸಲು ಕೂರಿಸಿದ್ದರು. ಜನ ನೋಡಿ ನಕ್ಕರು. ನಗಲಾರದೆ ನೊಂದವರಲ್ಲಿ ಒಬ್ಬ ವ್ಯಾಲೆಂಟಿನ್ ಹಾಯಿ. ಭಾಷಾಂತರಕಾರನಾಗಿ ಬದುಕು ಸಾಗಿಸುತ್ತಿದ್ದ ಆತ 1745ರಲ್ಲಿ ಜನಿಸಿದವನು. ಅಣಕಕ್ಕಾಗಿ ಇಟ್ಟ ಆ ಹಾಳೆಗಳನ್ನು ಅಂಧರು ನಿಜವಾಗಿಯೇ ಓದುವಂತೆ ಮಾಡಬೇಕೆಂಬ ಸಂಕಲ್ಪ ಅವನಲ್ಲಿ ಬೇರೂರಿತು.

ಸಂಕಲ್ಪ ಫಲಿಸಲು ಹತ್ತಕ್ಕೂ ಹೆಚ್ಚು ವರ್ಷಗಳು ಹಿಡಿದವು. 1784ರಲ್ಲಿ ಚರ್ಚಿನ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಫ್ರಾನ್ಸ್ವಾ ಲೆಸ್ಯುಯರ್ ಎಂಬ ಅಂಧ ತರುಣ ಹಾಯಿಯ ಮೊದಲ ಶಿಷ್ಯನಾದನು. ಹಿಂಬದಿಯಲ್ಲಿ ಅಚ್ಚಿನ ಒತ್ತಿನಿಂದ ಉಬ್ಬಿದ್ದ ಒಂದು ಅಕ್ಷರವನ್ನು ಈ ತರುಣ ಬೆರಳಿನಿಂದಲೇ ಗುರುತಿಸಿದನೆಂಬುದು ಆ ಶಾಲೆಯ ಪರಂಪರೆಯಲ್ಲಿ ಉಳಿದುಬಂದ ಸಂಗತಿ. ಗುರು ಹುಡುಕುತ್ತಿದ್ದ ದಾರಿಯನ್ನು ಶಿಷ್ಯನ ಬೆರಳು ತೋರಿಸಿತು. ಹಾಯಿ ದಪ್ಪ ಕಾಗದದ ಮೇಲೆ ಉಬ್ಬಕ್ಷರಗಳನ್ನು ಒತ್ತಿಸಿ ಪುಸ್ತಕಗಳನ್ನು ಮಾಡಿಸಿದನು. ಮರುವರ್ಷದ ಹೊತ್ತಿಗೆ ಅವನ ಶಾಲೆ ನೆಲೆಗೊಂಡಿತು. 1786ರಲ್ಲಿ ಆತ ತನ್ನ ಬೋಧನಕ್ರಮವನ್ನು ವಿವರಿಸುವ ಗ್ರಂಥವನ್ನು ಪ್ರಕಟಿಸಿದನು; ಅದೇ ಕಾಲದಲ್ಲಿ ಅವನ ವಿದ್ಯಾರ್ಥಿಗಳು ದೊರೆ ಹದಿನಾರನೆಯ ಲೂಯಿಯ ಮುಂದೆ ಓದಿ ತೋರಿಸಿದರು. ಜಾತ್ರೆಯಲ್ಲಿ ನಗೆಗೀಡಾಗಿದ್ದವರ ಬಳಗ ಅರಮನೆಯಲ್ಲಿ ಮನ್ನಣೆ ಪಡೆಯಿತು.

ಇಲ್ಲಿ ಹಾಯಿಯ ದೃಷ್ಟಿಯನ್ನು ಸರಿಯಾಗಿ ಗ್ರಹಿಸಬೇಕು. ಸಾಮಾನ್ಯ ಜನ ಓದುವ ಲಿಪಿಯನ್ನೇ ಆತ ಉಬ್ಬಿಸಿ ಕೊಟ್ಟನು. ಅಂಧರಿಗೆಂದೇ ಬೇರೆ ಲಿಪಿಯಾದರೆ ಅವರು ಸಮಾಜದಿಂದ ಬೇರೆಯಾಗುತ್ತಾರೆ. ತಂದೆ ಓದುವ ಪುಸ್ತಕವನ್ನೇ ಮಗನೂ ಓದಬೇಕು ಎಂಬುದು ಅವನ ಆಶಯ. ಆಶಯ ಉದಾತ್ತವಾದದ್ದೇ. ಆದರೆ ಅದರೊಳಗೆ ಒಂದು ದೋಷ ಅವಿತಿತ್ತು. ಕಣ್ಣು ಒಂದು ಪದವನ್ನು ಒಮ್ಮೆಗೇ ಕಾಣುತ್ತದೆ. ಬೆರಳಾದರೋ ಅಕ್ಷರದ ಒಂದೊಂದು ಗೆರೆಯನ್ನೂ ಬಳಸಿ ಬಂದು, ನೆನಪಿನಲ್ಲಿ ಕೂಡಿಸಿಕೊಂಡು, ಬಳಿಕ ಮುಂದಿನ ಅಕ್ಷರಕ್ಕೆ ಸಾಗಬೇಕು. ಓದು ಆಮೆಯ ನಡಿಗೆಯಾಯಿತು. ಪುಸ್ತಕಗಳು ಎತ್ತಲಾರದಷ್ಟು ಭಾರವಾದವು. ಎಲ್ಲಕ್ಕಿಂತ ಮಿಗಿಲಾದ ಕೊರತೆಯೆಂದರೆ, ಆ ಲಿಪಿಯನ್ನು ಅಂಧನು ಓದಬಹುದಿತ್ತೇ ಹೊರತು ತಾನಾಗಿ ಸುಲಭವಾಗಿ ಬರೆಯುವಂತಿರಲಿಲ್ಲ. ಓದಲು ಬಂದು ಬರೆಯಲು ಬಾರದವನು ಕೇಳುಗನಾಗಿ ಉಳಿಯುತ್ತಾನೆ, ನುಡಿಯುವವನಾಗುವುದಿಲ್ಲ.

ಚಮ್ಮಾರಸಾಲೆಯ ದಬ್ಬಳ

ಕ್ರಾಂತಿಯ ಕೋಲಾಹಲದಲ್ಲಿ ಶಾಲೆ ಹಲವು ಏರುಪೇರುಗಳನ್ನು ಕಂಡಿತು. ರಾಷ್ಟ್ರದ ಸಂಸ್ಥೆಯಾಯಿತು, ಮತ್ತೊಂದು ಆಶ್ರಯಧಾಮದೊಂದಿಗೆ ವಿಲೀನವಾಯಿತು, ಸ್ಥಾಪಕನೇ ಹೊರನಡೆಯಬೇಕಾಯಿತು. ಕೊನೆಗೆ 1816ರಲ್ಲಿ ಸ್ವತಂತ್ರವಾಗಿ ಸೇಂಟ್ ವಿಕ್ಟರ್ ಬೀದಿಯ ಹಳೆಯ, ತೇವಭರಿತ ಕಟ್ಟಡವೊಂದನ್ನು ಸೇರಿತು. ಆ ಕಟ್ಟಡಕ್ಕೆ 1819ರ ಫೆಬ್ರವರಿಯಲ್ಲಿ ಹತ್ತು ವರ್ಷದ ಬಾಲಕನೊಬ್ಬ ಬಂದನು. ಅವನೇ ಲೂಯಿ ಬ್ರೈಲ್.

ಬ್ರೈಲ್ ಜನಿಸಿದ್ದು 1809ರ ಜನವರಿ 4ರಂದು, ಪ್ಯಾರಿಸ್ಸಿನ ಪೂರ್ವಕ್ಕಿರುವ ಕೂವ್ರೇ ಎಂಬ ಹಳ್ಳಿಯಲ್ಲಿ. ತಂದೆ ಕುದುರೆಗಳಿಗೆ ಜೀನು, ಸರಂಜಾಮುಗಳನ್ನು ಹೊಲಿಯುವ ಕಾಯಕದವನು. ಮೂರರ ಪ್ರಾಯದಲ್ಲಿ ತಂದೆಯ ಕೆಲಸದ ಸಾಲೆಯಲ್ಲಿ ಆಡುತ್ತಿದ್ದಾಗ ಚೂಪಾದ ಉಪಕರಣ ತಗಲಿ ಒಂದು ಕಣ್ಣು ಗಾಯಗೊಂಡಿತು. ನಂಜು ಇನ್ನೊಂದಕ್ಕೂ ಹಬ್ಬಿ ಎರಡೂ ಕಣ್ಣುಗಳು ಹೋದವು. ಹಳ್ಳಿಯ ಪಾದ್ರಿ ಮತ್ತು ಶಾಲೆಯ ಉಪಾಧ್ಯಾಯ ಈ ಬಾಲಕನನ್ನು ಮನೆಯಲ್ಲಿ ಕೂರಿಸದೆ ಇತರ ಮಕ್ಕಳೊಡನೆ ತರಗತಿಯಲ್ಲಿ ಕೂರಿಸಿದರು. ಕಿವಿಯಿಂದ ಕೇಳಿಯೇ ಆತ ಮುಂದೆ ಬಂದನು. ಚರಿತ್ರೆಯಲ್ಲಿ ದೊಡ್ಡ ಹೆಸರು ಪಡೆಯದ ಈ ಇಬ್ಬರ ಔದಾರ್ಯವಿಲ್ಲದಿದ್ದರೆ ಮುಂದಿನ ಕಥೆಯೇ ನಡೆಯುತ್ತಿರಲಿಲ್ಲ.

1821ರ ಸುಮಾರಿಗೆ ಶಾಲೆಯ ನಿರ್ದೇಶಕನ ಪೀಠಕ್ಕೆ ಪಿನ್ಯಿಯೇ ಎಂಬಾತ ಬಂದನು. ಅದೇ ಕಾಲದಲ್ಲಿ, ಹಿಂದೆ ಸೇನಾಧಿಕಾರಿಯಾಗಿದ್ದ ಶಾರ್ಲ್ ಬಾರ್ಬಿಯೇ ಎಂಬುವನು ತಾನು ರಚಿಸಿದ ಚುಕ್ಕಿಲಿಪಿಯನ್ನು ಶಾಲೆಗೆ ತಂದೊಪ್ಪಿಸಿದನು. ಎರಡು ಕಂಬಸಾಲುಗಳಲ್ಲಿ ಆರಾರರಂತೆ ಹನ್ನೆರಡು ಚುಕ್ಕಿಗಳವರೆಗೆ ಬರುವ ಈ ಲಿಪಿ ಧ್ವನಿಗಳನ್ನು ಸೂಚಿಸುತ್ತಿತ್ತು. ಗೆರೆಗಿಂತ ಚುಕ್ಕಿ ಬೆರಳಿಗೆ ಸ್ಪಷ್ಟವಾಗಿ ತಾಗುತ್ತದೆ ಎಂಬ ದೊಡ್ಡ ಸತ್ಯ ಇದರಲ್ಲಿತ್ತು; ಚುಕ್ಕಿಯನ್ನು ಮೊನೆಯಿಂದ ಒತ್ತಿ ಅಂಧನೂ ಬರೆಯಬಹುದಿತ್ತು. ಆದರೆ ಒಂದು ಚಿಹ್ನೆ ಬೆರಳಿನ ತುದಿಗಿಂತ ದೊಡ್ಡದಾಗಿತ್ತು. ಪದಗಳ ಕಾಗುಣಿತಕ್ಕಾಗಲಿ, ವಿರಾಮಚಿಹ್ನೆಗಳಿಗಾಗಲಿ, ಸಂಗೀತದ ಸ್ವರಗಳಿಗಾಗಲಿ ಅದರಲ್ಲಿ ಎಡೆಯಿರಲಿಲ್ಲ.

ನಿರ್ದೇಶಕನು ಈ ಲಿಪಿಯನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು ಪರೀಕ್ಷಿಸಲು ಬಿಟ್ಟನು. ಅದನ್ನು ಹಿಡಿದು ಬಿಡುವಿನ ವೇಳೆಯಲ್ಲಿ ಶ್ರಮಿಸಿದ ಬಾಲಕ ಬ್ರೈಲ್ ಹದಿನೈದರ ಪ್ರಾಯಕ್ಕೇ, 1824ರ ಹೊತ್ತಿಗೆ, ಹನ್ನೆರಡನ್ನು ಆರಕ್ಕೆ ಇಳಿಸಿದನು. ಆರು ಚುಕ್ಕಿಗಳ ಈ ಮನೆ ಬೆರಳಿನ ತುದಿಯ ಕೆಳಗೆ ಒಂದೇ ಸ್ಪರ್ಶಕ್ಕೆ ಸಿಗುತ್ತದೆ. ಆರು ಸ್ಥಾನಗಳಲ್ಲಿ ಚುಕ್ಕಿಗಳನ್ನು ಇಟ್ಟೂ ಬಿಟ್ಟೂ 63 ಬೇರೆಬೇರೆ ಚಿಹ್ನೆಗಳನ್ನು ಪಡೆಯಬಹುದು. ಅಕ್ಷರ, ಅಂಕಿ, ವಿರಾಮ, ಸಂಗೀತ ಎಲ್ಲಕ್ಕೂ ಅದು ಸಾಲುತ್ತದೆ. 1829ರಲ್ಲಿ ಈ ಕ್ರಮವನ್ನು ವಿವರಿಸುವ ಬ್ರೈಲ್‌ನ ಪುಸ್ತಕ ಶಾಲೆಯಿಂದ ಹೊರಬಂದಿತು. ಯಾವ ಬಗೆಯ ಚೂಪಾದ ಉಪಕರಣ ಮಗುವಿನ ಕಣ್ಣನ್ನು ಕಳೆದಿತ್ತೋ, ಅದನ್ನೇ ಹೋಲುವ ಮೊನೆಯಿಂದ ಆ ಮಗು ಬೆಳೆದು ತನ್ನಂಥವರಿಗೆಲ್ಲ ಓದಿನ ಬಾಗಿಲನ್ನು ತೆರೆಯಿತು.

ಈ ಸಂದರ್ಭದಲ್ಲಿ ಹೊಗಳಿಕೆಯೆಲ್ಲ ಬ್ರೈಲ್‌ಗೆ ಸಲ್ಲುವುದು ಸಹಜ. ಆದರೆ ಶಿಕ್ಷಣದ ದೃಷ್ಟಿಯಿಂದ ಪಿನ್ಯಿಯೇ ಎಂಬ ಮುಖ್ಯಸ್ಥನೂ ಸ್ಮರಣಾರ್ಹ. ವಿದ್ಯಾರ್ಥಿಯೊಬ್ಬ ಶಾಲೆಯ ಅಧಿಕೃತ ಲಿಪಿಯನ್ನು ಮೀರಿ ಹೊಸದನ್ನು ಕಟ್ಟುತ್ತಿದ್ದಾಗ ಆತ ತಡೆಯಲಿಲ್ಲ. ಬ್ರೈಲ್‌ನನ್ನು 1828ರಲ್ಲಿ ಸಹಾಯಕ ಬೋಧಕನನ್ನಾಗಿಯೂ 1833ರಲ್ಲಿ ಪೂರ್ಣ ಅಧ್ಯಾಪಕನನ್ನಾಗಿಯೂ ಶಾಲೆ ಅಂಗೀಕರಿಸಿತು. ಅಂಧರಿಗೆ ಅಂಧನೇ ಗುರುವಾದನು. ಕಲಿಯುವವನ ಕಷ್ಟವನ್ನು ಒಳಗಿನಿಂದ ಬಲ್ಲವನು ಕಲಿಸುವ ಪೀಠದಲ್ಲಿ ಕುಳಿತಾಗ ಶಾಲೆಯ ಸ್ವರೂಪವೇ ಬದಲಾಗುತ್ತದೆ.

ವಾದ್ಯವನ್ನು ಶ್ರುತಿಗೊಳಿಸಿದವನು

ಲಿಪಿಯ ಜೊತೆಗೆ ಜೀವನೋಪಾಯದ ಪ್ರಶ್ನೆಯೂ ಇತ್ತು. ಆರಂಭದಲ್ಲಿ ಶಾಲೆಯ ಮಕ್ಕಳಿಗೆ ನೂಲುವುದು, ಹೆಣೆಯುವುದು ಮುಂತಾದ ಕೈಕಸುಬುಗಳನ್ನು ಕಲಿಸುತ್ತಿದ್ದರು. ಅದರಿಂದ ಬದುಕು ಸಾಗುವುದು ದುಸ್ತರವಾಗಿತ್ತು. ಅದೇ ಶಾಲೆಯಲ್ಲಿ ಕ್ಲೋದ್ ಮೊಂತಾಲ್ ಎಂಬ ಅಂಧ ತರುಣನಿದ್ದನು. ಶಾಲೆಯ ಪಿಯಾನೋಗಳನ್ನು ಶ್ರುತಿಗೊಳಿಸಲು ಹೊರಗಿನಿಂದ ಬರುತ್ತಿದ್ದವನ ಕೆಲಸ ಇವನ ಕಿವಿಗೆ ಒಪ್ಪಲಿಲ್ಲ. ಗೆಳೆಯನೊಬ್ಬನೊಡನೆ ತಾನೇ ವಾದ್ಯವನ್ನು ಬಿಚ್ಚಿ ಶ್ರುತಿ ಮಾಡಲು ತೊಡಗಿದನು. ಕುಶಲಕರ್ಮಿ ದೂರಿತ್ತನು, ಶಾಲೆ ತಡೆಯಿತು. ತರುಣರು ಹಳೆಯದೊಂದು ಪಿಯಾನೋ ಪಡೆದು, ಅದನ್ನು ಪೂರ್ತಿ ಬಿಚ್ಚಿ ಜೋಡಿಸಿ, ತಮ್ಮ ನೈಪುಣ್ಯವನ್ನು ಸಿದ್ಧಪಡಿಸಿ ತೋರಿಸಿದರು. ಆಮೇಲೆ ಶಾಲೆಯ ವಾದ್ಯಗಳ ಪಾಲನೆಯೇ ಅವರ ಕೈಗೆ ಬಂದಿತು. ಮೊಂತಾಲ್ ಪ್ಯಾರಿಸ್ಸಿನಲ್ಲಿ ಹೆಸರಾಂತ ಶ್ರುತಿಕಾರನಾಗಿ, 1836ರಲ್ಲಿ ಆ ವಿದ್ಯೆಯನ್ನು ಕುರಿತು ಗ್ರಂಥವನ್ನೂ ಬರೆದನು. ಅಂದಿನಿಂದ ಪಿಯಾನೋ ಶ್ರುತಿಗಾರಿಕೆ ಯುರೋಪಿನ ಅನೇಕ ಅಂಧಶಾಲೆಗಳಲ್ಲಿ ಕಲಿಸುವ ವೃತ್ತಿಯಾಯಿತು. ತಡೆದ ಶಾಲೆಯೇ ತಡೆಯನ್ನು ತೆಗೆದು ಪಾಠಕ್ರಮವನ್ನು ತಿದ್ದಿಕೊಂಡದ್ದು ಇಲ್ಲಿ ಗಮನಿಸಬೇಕಾದ ಅಂಶ.

ಒಬ್ಬ ಮುಖ್ಯಸ್ಥನ ಹಟ

1840ರಲ್ಲಿ ಪಿನ್ಯಿಯೇ ಪದಚ್ಯುತನಾದನು. ಅವನ ಸ್ಥಾನಕ್ಕೆ ಬಂದ ಡ್ಯುಫೊ ಹೊಸ ಲಿಪಿಯನ್ನು ಮೆಚ್ಚಲಿಲ್ಲ. ಹಾಯಿಯ ಹಳೆಯ ವಾದವನ್ನೇ ಹೊಸ ರೂಪದಲ್ಲಿ ಮುಂದಿಟ್ಟು, ಕಣ್ಣುಳ್ಳವರೂ ಓದಬಲ್ಲ ಸರಳ ಉಬ್ಬಕ್ಷರಗಳನ್ನು ಜಾರಿಗೆ ತಂದನು. ತರಗತಿಗಳಲ್ಲಿ ಚುಕ್ಕಿಲಿಪಿಗೆ ಸ್ಥಾನ ತಪ್ಪಿತು. ವಿದ್ಯಾರ್ಥಿಗಳೇನು ಮಾಡಿದರು? ಗುಟ್ಟಾಗಿ ಬರೆದರು, ಗುಟ್ಟಾಗಿ ಓದಿದರು, ಹಿರಿಯರು ಕಿರಿಯರಿಗೆ ಗುಟ್ಟಾಗಿ ಕಲಿಸಿದರು. ತನ್ನ ದಿನಚರಿಯನ್ನು, ಗೆಳೆಯನಿಗೊಂದು ಓಲೆಯನ್ನು, ತಾನು ರಚಿಸಿದ ರಾಗವನ್ನು ಒಮ್ಮೆ ಬರೆದಿಟ್ಟವನು ಆ ಸ್ವಾತಂತ್ರ್ಯವನ್ನು ಹೇಗೆ ಬಿಟ್ಟುಕೊಟ್ಟಾನು?

ಡ್ಯುಫೊನನ್ನು ದುಷ್ಟನೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಅಂಧರು ಪ್ರತ್ಯೇಕವಾಗಬಾರದೆಂಬ ಅವನ ಕಾಳಜಿ ಹುಸಿಯಾಗಿರಲಿಲ್ಲ. ತಪ್ಪಾದದ್ದು ಬೇರೆ ಕಡೆ. ಲಿಪಿಯ ಯೋಗ್ಯತೆಯನ್ನು ಅಳೆಯಲು ಆತ ತನ್ನ ಕಣ್ಣನ್ನು ಮಾನದಂಡವಾಗಿರಿಸಿಕೊಂಡನು; ಅಳೆಯಬೇಕಾಗಿದ್ದದ್ದು ಮಕ್ಕಳ ಬೆರಳು. ಕಣ್ಣುಳ್ಳ ಗುರುವಿಗೆ ಉಬ್ಬಕ್ಷರ ಅಂದವಾಗಿ ಕಾಣುತ್ತಿತ್ತು, ಚುಕ್ಕಿಗಳು ಅರ್ಥವಿಲ್ಲದ ಗುಳ್ಳೆಗಳಂತೆ ತೋರುತ್ತಿದ್ದವು. ಕಲಿಸುವವನ ಅನುಕೂಲ ಕಲಿಯುವವನ ಹಿತದ ವೇಷ ತೊಟ್ಟು ಬರುವುದು ಶಿಕ್ಷಣದಲ್ಲಿ ಎಂದೆಂದಿಗೂ ಇರುವ ಅಪಾಯ.

ಇದಕ್ಕೆ ಮದ್ದು ಶಾಲೆಯ ಒಳಗಿನಿಂದಲೇ ಬಂದಿತು. ಸಹಾಯಕ ಮುಖ್ಯಸ್ಥನಾಗಿದ್ದ ಜೋಸೆಫ್ ಗ್ವಾದೆ ಮಕ್ಕಳು ಏನು ಬಳಸುತ್ತಿದ್ದಾರೆ, ಏಕೆ ಬಳಸುತ್ತಿದ್ದಾರೆ ಎಂಬುದನ್ನು ಕಣ್ತೆರೆದು ನೋಡಿದನು, ಮನಸ್ಸನ್ನು ಬದಲಿಸಿಕೊಂಡನು, ಮೇಲಧಿಕಾರಿಯ ಮನಸ್ಸನ್ನೂ ಬದಲಿಸಿದನು. ಶಾಲೆ ಹೊಸ ಕಟ್ಟಡಕ್ಕೆ ಸಾಗಿದ ಬಳಿಕ 1844ರ ಫೆಬ್ರವರಿ 22ರಂದು ನಡೆದ ಉದ್ಘಾಟನೆಯ ಸಮಾರಂಭದಲ್ಲಿ ಬ್ರೈಲ್ ಪದ್ಧತಿಯ ಬಗೆಯನ್ನು ಸಭೆಯ ಮುಂದೆ ಬಹಿರಂಗವಾಗಿ ವಿವರಿಸಲಾಯಿತು. ವಿದ್ಯಾರ್ಥಿಗಳು ಬರೆದು, ಓದಿ ತೋರಿಸಿದರು. ತಡೆದ ಡ್ಯುಫೊ ಆ ಸಭೆಯ ಮುಖ್ಯಸ್ಥನಾಗಿಯೇ ಇದ್ದನು. ತಪ್ಪನ್ನು ಒಪ್ಪಿಕೊಳ್ಳುವ ಶಕ್ತಿ ಸಂಸ್ಥೆಯ ಮುಖ್ಯಸ್ಥನಿಗೆ ಇರಬೇಕಾದ ಗುಣಗಳಲ್ಲಿ ಹಿರಿದಾದುದು. ತಡವಾಗಿಯಾದರೂ ಅದು ಅಲ್ಲಿ ಕಾಣಿಸಿಕೊಂಡಿತು.

ಬ್ರೈಲ್ ಬಹುಕಾಲ ಕ್ಷಯರೋಗದಿಂದ ಬಳಲಿ 1852ರ ಜನವರಿ 6ರಂದು ತೀರಿಕೊಂಡನು. ಫ್ರಾನ್ಸಿನಲ್ಲಿ ಆತನ ಲಿಪಿ ಅಧಿಕೃತವಾದದ್ದು ಎರಡು ವರ್ಷಗಳ ತರುವಾಯ, 1854ರಲ್ಲಿ. 1878ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ ಅದನ್ನು ಎತ್ತಿಹಿಡಿಯಿತು. ಆದರೂ ಅಮೆರಿಕದಲ್ಲಿ ಹಲವು ಚುಕ್ಕಿಲಿಪಿಗಳ ನಡುವೆ ದಶಕಗಳ ಕಾಲ ಕಲಹ ನಡೆಯಿತು. 1932ರಲ್ಲಷ್ಟೇ ಇಂಗ್ಲಿಷ್ ಬಲ್ಲ ದೇಶಗಳು ಒಮ್ಮತಕ್ಕೆ ಬಂದವು.

ನಮ್ಮ ನಾಡಿಗೆ ಬಂದ ಬಗೆ

ಭಾರತದಲ್ಲಿ ಅಂಧಮಕ್ಕಳ ಮೊದಲ ಶಾಲೆ 1887ರಲ್ಲಿ ಅಮೃತಸರದಲ್ಲಿ ತೆರೆಯಿತು. ಮೈಸೂರಿನಲ್ಲಿ 1901ರಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಹುಟ್ಟಿಕೊಂಡಿತು. ಆದರೆ ಒಂದೊಂದು ಪ್ರಾಂತದಲ್ಲಿ ಒಂದೊಂದು ಬಗೆಯ ಚುಕ್ಕಿಲಿಪಿ ಹುಟ್ಟಿ, ಒಂದೂರಿನ ಪುಸ್ತಕ ಇನ್ನೊಂದೂರಿಗೆ ಒದಗದಂತಾಯಿತು. ಸ್ವಾತಂತ್ರ್ಯಾನಂತರ, 1951ರಲ್ಲಿ, ದೇಶದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ರೂಪುಗೊಂಡಿತು.

ಇದರ ರಚನೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಕುತೂಹಲಕರವಾದುದು. ನಮ್ಮ ಲಿಪಿಗಳ ಆಕಾರ ಬೇರೆಬೇರೆಯಾದರೂ ವರ್ಣಮಾಲೆ ಬಹುಮಟ್ಟಿಗೆ ಒಂದೇ. ಆದುದರಿಂದ ಧ್ವನಿಗೆ ಚಿಹ್ನೆಯನ್ನು ಗೊತ್ತುಮಾಡಲಾಯಿತು. ಕನ್ನಡದ 'ಕ'ಕಾರಕ್ಕೂ ಹಿಂದಿಯ 'ಕ'ಕಾರಕ್ಕೂ ಒಂದೇ ಚಿಹ್ನೆ. ಕಣ್ಣಿನ ಬರಹದಲ್ಲಿ 'ಕಿ' ಎಂಬಲ್ಲಿ ಗುಡಿಸು ಅಕ್ಷರದ ನೆತ್ತಿಯನ್ನು ಏರುತ್ತದೆ. ಚುಕ್ಕಿಬರಹದಲ್ಲಿ 'ಕ'ಕಾರದ ಮುಂದೆ 'ಇ'ಕಾರ ಸಾಲಾಗಿ ನಿಲ್ಲುತ್ತದೆ. ಒತ್ತಕ್ಷರಕ್ಕೆ ಕೆಳಗೆ ಇಳಿಯುವ ತೊಡಕಿಲ್ಲ; ಸ್ವರವಿಲ್ಲದ ವ್ಯಂಜನಕ್ಕೆ ಮೊದಲು ಒಂದು ಸೂಚಕ ಚುಕ್ಕಿ ಬಂದು, ಎರಡು ವ್ಯಂಜನಗಳೂ ಒಂದರ ಬಳಿಕ ಒಂದು ಬರುತ್ತವೆ. ಅಕ್ಷರದ ಮೈಮಾಟವನ್ನೆಲ್ಲ ಕಳಚಿಟ್ಟರೂ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಗದುಗಿನ ಪುಣ್ಯಾಶ್ರಮ

ಲಿಪಿಯ ದಾರಿ ಹೀಗೆ ಸಾಗುತ್ತಿದ್ದಾಗ, ಉತ್ತರ ಕರ್ನಾಟಕದ ನೆಲದಲ್ಲಿ ಮತ್ತೊಂದು ದಾರಿ ಸ್ವತಂತ್ರವಾಗಿ ತೆರೆದುಕೊಂಡಿತು. 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಸ್ವಾಮಿಗಳು, ಹಾನಗಲ್ಲ ತಾಲ್ಲೂಕಿನ ಬಡಕುಟುಂಬದ ಇಬ್ಬರು ಅಂಧ ಸಹೋದರರ ಕಂಠದಲ್ಲಿ ನಾದವಿರುವುದನ್ನು ಗುರುತಿಸಿದರು. ಕರುಣೆಯುಳ್ಳವರು ಆ ಮಕ್ಕಳಿಗೆ ಅನ್ನವಿಟ್ಟು ಸುಮ್ಮನಾಗಬಹುದಿತ್ತು. ಸ್ವಾಮಿಗಳು ಹಾಗೆ ಮಾಡದೆ, ಅವರಿಗೆ ಶಾಸ್ತ್ರೀಯ ಸಂಗೀತದ ಶಿಕ್ಷಣವನ್ನು ಕೊಡಿಸಿದರು. ಅವರಲ್ಲೊಬ್ಬರು, 1892ರಲ್ಲಿ ಜನಿಸಿದ ಗದಿಗೆಯ್ಯ, ಕರ್ನಾಟಕ ಮತ್ತು ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾಗಿ ಪಂಚಾಕ್ಷರ ಗವಾಯಿಗಳೆಂದು ನಾಡಿಗೆಲ್ಲ ಪರಿಚಿತರಾದರು.

ಪಂಚಾಕ್ಷರ ಗವಾಯಿಗಳು ತಮಗೆ ದೊರೆತದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಅಂಧ, ಅನಾಥ, ಬಡ ಮಕ್ಕಳನ್ನು ಕೂಡಿಸಿಕೊಂಡು ಊರೂರು ಸಂಚರಿಸುತ್ತ ಪಾಠ ಹೇಳಿದರು. ಶಾಲೆಗೆ ಬರಲಾರದ ಮಕ್ಕಳ ಬಳಿಗೆ ಶಾಲೆಯೇ ನಡೆದುಹೋಯಿತು. ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿಯನ್ನು ನಡೆಸಿದರು. ಸಾಲದ ಹೊರೆಯನ್ನೂ ಹೊತ್ತರು. ಕೊನೆಗೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಯಾಯಿತು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದಾಗ ಆ ಭಾರ ಅವರ ಅಂಧ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲೇರಿತು. 1914ರಲ್ಲಿ ಜನಿಸಿದ ಪುಟ್ಟರಾಜರು 2010ರಲ್ಲಿ ಲಿಂಗೈಕ್ಯರಾಗುವವರೆಗೆ, ಆರೂವರೆ ದಶಕಗಳ ಕಾಲ, ಆಶ್ರಮವನ್ನು ಮುನ್ನಡೆಸಿದರು. ಹಲವು ವಾದ್ಯಗಳಲ್ಲಿ ಪರಿಣತರಾಗಿದ್ದ ಅವರು ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಕೃತಿಗಳನ್ನೂ ರಚಿಸಿದರು.

ಈ ಆಶ್ರಮದ ಶಿಕ್ಷಣಕ್ರಮದಲ್ಲಿ ಮೂರು ಅಂಶಗಳು ವಿಚಾರಣೀಯ. ಮೊದಲನೆಯದು, ಮಕ್ಕಳಲ್ಲಿ ಇಲ್ಲದ ಕಣ್ಣಿನ ಮೇಲೆ ನಿಲ್ಲದೆ ಇರುವ ಕಿವಿ, ಕಂಠ, ನೆನಪುಗಳ ಮೇಲೆ ಅದು ನಿಂತಿತು. ಗುರುಮುಖದಿಂದ ಕೇಳಿ, ಹಾಡಿ, ಮತ್ತೆ ಹಾಡಿ ಕಲಿಯುವ ನಮ್ಮ ಸಂಗೀತಪರಂಪರೆ ಅಂಧನನ್ನು ಯಾರಿಗೂ ಕಡಿಮೆಯೆಂದು ಎಣಿಸುವುದಿಲ್ಲ. ಎರಡನೆಯದು, ಕಣ್ಣುಳ್ಳವರಿಗೂ ಬಾಗಿಲು ಮುಚ್ಚಿರಲಿಲ್ಲ. ಪಂಚಾಕ್ಷರ ಗವಾಯಿಗಳ ಬಳಿ ಬಸವರಾಜ ರಾಜಗುರು, ಪುಟ್ಟರಾಜ ಗವಾಯಿಗಳ ಬಳಿ ವೆಂಕಟೇಶಕುಮಾರ್ ಮೊದಲಾದವರು ಕಲಿತು ಕೀರ್ತಿ ಪಡೆದರು. ಹಾಯಿ ಲಿಪಿಯ ಮೂಲಕ ಸಾಧಿಸಬಯಸಿದ ಏಕತೆಯನ್ನು ಇಲ್ಲಿ ಒಂದೇ ಪಂಕ್ತಿಯ ಪ್ರಸಾದ, ಒಂದೇ ಶ್ರುತಿಯ ಗಾನ ಸಾಧಿಸಿದವು. ಮೂರನೆಯದು, ಪ್ಯಾರಿಸ್ಸಿನಂತೆ ಇಲ್ಲಿಯೂ ಅಂಧ ಶಿಷ್ಯನೇ ಗುರುವಾದನು, ಗುರುವೇ ಸಂಸ್ಥೆಯ ಮುಖ್ಯಸ್ಥನಾದನು. ಆಶ್ರಯ ಪಡೆದವನೇ ಆಶ್ರಯ ನೀಡುವವನಾಗುವ ಈ ಕ್ರಮ ದಾಸೋಹದ ತಿರುಳಿಗೆ ಹತ್ತಿರವಾದುದು.

ಇಂದಿನ ಪ್ರಶ್ನೆ

ಹಾಗೆಂದು ಎಲ್ಲ ಅಂಧಮಕ್ಕಳೂ ಗಾಯಕರೇ ಆಗಬೇಕೆ? ಪ್ಯಾರಿಸ್ಸಿನ ಶಾಲೆ ಮಕ್ಕಳನ್ನೆಲ್ಲ ಹೆಣಿಗೆಗೆ ಕೂರಿಸಿದ್ದು ಹೇಗೆ ಸಾಲದೆ ಹೋಯಿತೋ, ಹಾಗೆಯೇ ಎಲ್ಲರನ್ನೂ ಹಾರ್ಮೋನಿಯಂ ಮುಂದೆ ಕೂರಿಸುವುದೂ ಸಾಲದು. ಗಣಿತದಲ್ಲಿ ಒಲವುಳ್ಳ ಮಗುವಿಗೆ ಸಂಗೀತ ಬಂಧನವಾದೀತು. ಈಗ ಬರಹವನ್ನು ಓದಿ ಹೇಳುವ ಗಣಕಯಂತ್ರಗಳು ಬಂದಿವೆ. ಚುಕ್ಕಿಗಳು ಎದ್ದು ಅಡಗುವ ಫಲಕಗಳೂ ಇವೆ. ಅಂಗವಿಕಲರ ಹಕ್ಕುಗಳನ್ನು ಕುರಿತ 2016ರ ಕಾಯಿದೆ ಇತರ ಮಕ್ಕಳೊಡನೆ ಒಟ್ಟಿಗೆ ಕಲಿಯುವ ಹಕ್ಕನ್ನು ಮನ್ನಿಸಿದೆ. ಯಂತ್ರ ಓದಿ ಹೇಳುವುದರಿಂದ ಚುಕ್ಕಿಲಿಪಿ ಇನ್ನು ಬೇಡವೆಂಬ ಮಾತೂ ಕೇಳಿಬರುತ್ತಿದೆ. ಈ ಮಾತನ್ನು ಒಪ್ಪುವ ಮುನ್ನ ಡ್ಯುಫೊನನ್ನು ನೆನೆಯಬೇಕು. ಕೇಳುವುದು ಬೇರೆ, ಓದುವುದು ಬೇರೆ. ಕಾಗುಣಿತ, ಒತ್ತು, ಛಂದಸ್ಸಿನ ಗಣವಿಭಾಗ ಇವು ತಾನಾಗಿ ಅಕ್ಷರವನ್ನು ಮುಟ್ಟಿದವನಿಗೆ ತಿಳಿಯುವಂತೆ ಕೇಳಿದವನಿಗೆ ತಿಳಿಯಲಾರವು. ಯಾವುದು ಬೇಕು, ಯಾವುದು ಬೇಡ ಎಂಬುದನ್ನು ನಿರ್ಧರಿಸುವಾಗ ಮೊದಲು ಕೇಳಬೇಕಾದದ್ದು ಆ ಮಕ್ಕಳನ್ನೇ.

ಹಾಯಿ ದಾರಿಯನ್ನು ತೆರೆದನು. ಆದರೆ ತನ್ನ ಕಣ್ಣಿನ ಅಳತೆಯನ್ನು ದಾಟಲಿಲ್ಲ. ಪಿನ್ಯಿಯೇ ಶಿಷ್ಯನಿಗೆ ಎಡೆಗೊಟ್ಟನು. ಡ್ಯುಫೊ ತಡೆದು, ತಿದ್ದಿಕೊಂಡನು. ಕುಮಾರ ಸ್ವಾಮಿಗಳು ಕೊರತೆಯ ಒಳಗೆ ಶಕ್ತಿಯನ್ನು ಕಂಡರು. ಪಂಚಾಕ್ಷರ ಗವಾಯಿಗಳು ಪಡೆದುದನ್ನು ಹಂಚಿದರು. ಇವರಲ್ಲಿ ಗೆದ್ದವರೆಲ್ಲರ ಗುಣ ಒಂದೇ: ಶಿಷ್ಯನಿಂದ ಕಲಿಯುವ ವಿನಯ. ನಮ್ಮ ಮಠಗಳೂ ಸಂಘಸಂಸ್ಥೆಗಳೂ ನಡೆಸುತ್ತಿರುವ ಶಾಲೆಗಳಲ್ಲಿ ಇಂದು ಕಣ್ಣಿದ್ದೂ ಪಾಠ ಕಾಣದ ಮಕ್ಕಳಿದ್ದಾರೆ, ಕಿವಿಯಿದ್ದೂ ಅಧ್ಯಾಪಕರ ಭಾಷೆ ತಿಳಿಯದ ಮಕ್ಕಳಿದ್ದಾರೆ. ಅವರನ್ನು ಮಂದಮತಿಗಳೆಂದು ಹಿಂದಿನ ಸಾಲಿಗೆ ಕಳಿಸುವ ಮುನ್ನ, ನಾವು ಕೊಡುತ್ತಿರುವ ಅಕ್ಷರ ಅವರ ಬೆರಳಿಗೆ ತಾಗುತ್ತಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಗುರುಸ್ಥಾನದಲ್ಲಿರುವ ಪ್ರತಿಯೊಬ್ಬರ ಧರ್ಮ.